ಹಳೇ ಎಚ್‌ಒ ಉಗಿ ಎಂಜಿನ್: ಮೊದಲು ದೀಪ ರಿಪೇರಿ, ಆಮೇಲೆ ಸದ್ದು

ಇದು ಮಾಡೆಲ್ ರೈಲಿನ ಎಂಜಿನ್, ಎಚ್‌ಒ ಅಂದರೆ 1:87 ಅಳತೆಯದ್ದು, 2-8-2 ಗಾಲಿ ಜೋಡಣೆ (ಮುಂದೆ ಎರಡು ಸಣ್ಣ, ನಡುವೆ ಎಂಟು ದೊಡ್ಡ, ಹಿಂದೆ ಎರಡು ಸಣ್ಣ ಗಾಲಿ), ಹಿಂದೆ ಟೆಂಡರ್, ಅಂದರೆ ಕಲ್ಲಿದ್ದಲು ಹೊರುವ ಪುಟ್ಟ ಗಾಡಿ. ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸಿ ಎಂಜಿನ್ ನಡೆಸುವ ಪದ್ಧತಿ) ಬಳಕೆಗೆ ಬರುವ ಮುಂಚಿನ ಮಾಡೆಲ್, 12 ವೋಲ್ಟ್ ಡಿಸಿಯಲ್ಲಿ ಓಡುತ್ತಿತ್ತು. ಮುಂದಿನ ದೀಪ ಮಿಣಮಿಣ ಅನ್ನುತ್ತಿತ್ತು, ಟೆಂಡರ್ ಹಿಂದಿನ ದೀಪ ಪೂರ್ತಿ ಸತ್ತಿತ್ತು. ಎರಡೂ ದೀಪ ಸರಿ ಮಾಡಿ, ಡಿಕೋಡರ್ (ಆ ಆದೇಶ ಓದಿ ಮೋಟಾರು, ದೀಪ, ಸದ್ದು ನಡೆಸುವ ಪುಟ್ಟ ಸರ್ಕ್ಯೂಟ್) ಕೂರಿಸಿ, ಚುಕ್ ಚುಕ್ ಸದ್ದು ಬರಿಸಬೇಕಿತ್ತು. ಕೆಲಸ ಮುಗಿದಿದೆ. ಹೆಚ್ಚುಕಡಿಮೆ ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ, ಅಳತೆಗಳ ಸಮೇತ, ಕೈ ಕೊಟ್ಟ ಪ್ರಯತ್ನಗಳ ಸಮೇತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೀಪ ಮಿಣುಕಿದ ತಕ್ಷಣ ಬಲ್ಬು ಬದಲಾಯಿಸಲು ಹೋಗಬೇಡಿ. ಹಳಿಯಿಂದ ಬರುವ ಕರೆಂಟ್ ದಾರಿಯಲ್ಲಿ ಎಲ್ಲೋ ತಪ್ಪುತ್ತಿದೆ ಅಂತ ಆ ದೀಪ ತೋರಿಸಿಕೊಡುತ್ತಿರುತ್ತದೆ. ಮೋಟಾರು ಅಂಥ ಕ್ಷಣವನ್ನು ಓಟದ ರಭಸದಲ್ಲೇ ದಾಟಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸೌಂಡ್ ಡಿಕೋಡರ್ ಹಾಗೆ ದಾಟುವುದಿಲ್ಲ. ಸದ್ದು ತಟ್ಟನೆ ಕಡಿದು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಸದ್ದಿನ ಕೆಲಸದಲ್ಲಿ ಅರ್ಧ ಭಾಗ ದೀಪದ ಹಂತದಲ್ಲೇ ಮುಗಿಯಬೇಕು.

ಬಳಸಿದ ಸಾಮಾನು: ಮಲ್ಟಿಮೀಟರ್, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ (350 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಿದ್ದೆ), 0.5 ಮಿ.ಮೀ. ರೋಸಿನ್ ಸೋಲ್ಡರ್, 32 ಗೇಜ್ ಸಿಲಿಕಾನ್ ವೈರು, 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ, ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಹಿಡಿದುಕೊಳ್ಳುವಂಥದ್ದು), ಕ್ಯಾಪ್ಟಾನ್ ಟೇಪು (ಬಿಸಿ ಮತ್ತು ಕರೆಂಟ್ ತಡೆಯುವ ಟೇಪು), ಐಸೊಪ್ರೊಪೈಲ್ ಆಲ್ಕೋಹಾಲ್, ಚಿಮ್ಮಟ. ಆಸಿಡ್ ಫ್ಲಕ್ಸ್ ಹತ್ತಿರಕ್ಕೂ ಬೇಡ, ಸಣ್ಣ ವೈರುಗಳನ್ನು ನಿಧಾನಕ್ಕೆ ತಿಂದುಹಾಕುತ್ತದೆ.

ಹಂತ 1: ಕರೆಂಟ್ ಎಲ್ಲಿ ತಪ್ಪುತ್ತಿದೆ

ಮುಂದಿನ ಬಲ್ಬಿನ ಎರಡೂ ವೈರು ಬಿಡಿಸಿ ನೇರವಾಗಿ 12 ವೋಲ್ಟ್ ಕೊಟ್ಟೆ. ಒಂದು ಸಲವೂ ಮಿಣುಕಲಿಲ್ಲ. ಅಂದರೆ ಬಲ್ಬು ಚೆನ್ನಾಗಿಯೇ ಇದೆ.

ಹಳೇ ಉಗಿ ಎಂಜಿನ್ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಗಾಲಿಗಳು ಒಂದು ಹಳಿಯಿಂದ ಕರೆಂಟ್ ತಗೊಳ್ಳುತ್ತವೆ, ಟೆಂಡರ್ ಗಾಲಿಗಳು ಇನ್ನೊಂದು ಹಳಿಯಿಂದ. ಟೆಂಡರ್ ಕಡೆಯ ಕರೆಂಟ್ ಎರಡನ್ನೂ ಜೋಡಿಸುವ ಡ್ರಾಬಾರ್ ಮೂಲಕ ಮೋಟಾರಿಗೆ ಬರುತ್ತದೆ. ಇದೂ ಹಾಗೇ ಇತ್ತು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಒಂದು ಮೊನೆಯನ್ನು ಟೆಂಡರ್ ಗಾಲಿಯ ಮೇಲೆ, ಇನ್ನೊಂದನ್ನು ಡ್ರಾಬಾರ್ ಪಿನ್ ಮೇಲೆ ಇಟ್ಟು ಗಾಲಿಯನ್ನು ಬೆರಳಲ್ಲಿ ನಿಧಾನ ತಿರುಗಿಸಿದೆ. ಸಂಖ್ಯೆ 3 ಓಮ್‌ನಿಂದ 200ರ ಆಚೆಗೆ ಹಾರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಎಂಜಿನ್ ಕಡೆ ಅದೇ ಪರೀಕ್ಷೆ ಮಾಡಿದರೆ 1 ಓಮ್‌ಗಿಂತ ಕಡಿಮೆ, ಅಲುಗಾಟವೇ ಇಲ್ಲ. ತೊಂದರೆ ಟೆಂಡರ್ ಕಡೆ ಅಂತ ಖಾತ್ರಿಯಾಯಿತು.

ಟೆಂಡರ್ ಬೋಗಿಗಳನ್ನು (ಗಾಲಿಗಳು ಕೂತಿರುವ, ತಿರುಗುವ ಚೌಕಟ್ಟುಗಳು) ಬಿಚ್ಚಿದರೆ ಅಚ್ಚಿನ ತುದಿಗಳಲ್ಲಿ ಹಳೇ ಎಣ್ಣೆ ಧೂಳಿನ ಜೊತೆ ಸೇರಿ ಕಪ್ಪು ಜಿಗುಟು ಕಟ್ಟಿತ್ತು. ಗಾಲಿಯ ಅಂಚಿನ ಮೇಲೂ ಒಂದು ಕಪ್ಪು ಪದರ. ಎಲ್ಲವನ್ನೂ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ, ಡ್ರಾಬಾರ್ ಪಿನ್ ಕೂಡ ಹೊಳೆಯುವ ಹಾಗೆ ಉಜ್ಜಿದೆ. ಮೀಟರ್ ತೋರಿಸುವ ಸಂಖ್ಯೆ 2 ಓಮ್‌ಗೆ ಬಂತು.

ಇಷ್ಟಕ್ಕೇ ಬಿಡಬಾರದು. ಸ್ವಲ್ಪ ಹೊತ್ತು ಓಡಿಸಿದ ಮೇಲೆ ದೀಪ ಮತ್ತೆ ಮಿಣುಕಲು ಶುರುವಾಯಿತು, ಅದರಲ್ಲೂ ತಿರುವಿನಲ್ಲಿ. ಡ್ರಾಬಾರ್ ಪಿನ್ನಿಗೆ ಸಡಿಲವಾಗಿ ಸಿಕ್ಕಿಕೊಂಡಿರುವ ಲೋಹದ ಪಟ್ಟಿ ಅಷ್ಟೇ. ತಿರುವಿನಲ್ಲಿ ಜರುಗಿದ ಹಾಗೆಲ್ಲ ಸಂಪರ್ಕ ಬಿಟ್ಟು ಹಿಡಿಯುತ್ತದೆ. ಎಷ್ಟು ತೊಳೆದರೂ ಇದು ಹೋಗುವುದಿಲ್ಲ. ಡ್ರಾಬಾರ್ ಎಳೆಯಲು ಮಾತ್ರ ಇರಲಿ, ಕರೆಂಟಿಗೆ ವೈರೇ ಬೇಕು. ಟೆಂಡರ್ ಬೋಗಿಯಿಂದ ನೇರವಾಗಿ ಎಂಜಿನ್‌ಗೆ ಒಂದು ವೈರು ಎಳೆದೆ. ತಿರುವಿನ ಮಿಣುಕು ಅಲ್ಲಿಗೆ ನಿಂತಿತು.

ಹಂತ 2: ಇನ್ನಷ್ಟು ಗಾಲಿಗಳಿಂದ ಕರೆಂಟ್

ಹಳಿ ಕವಲೊಡೆಯುವ ಜಾಗದಲ್ಲಿ ಪ್ಲಾಸ್ಟಿಕ್ ತುಂಡು ಬರುತ್ತದಲ್ಲ, ಅಲ್ಲಿ ಮಾತ್ರ ಇನ್ನೂ ಒಂದು ಮಿಣುಕು ಉಳಿದಿತ್ತು. ಒಂದೊಂದು ಹಳಿಗೆ ಒಂದೊಂದು ವಾಹನದ ಗಾಲಿಗಳನ್ನೇ ನಂಬಿಕೊಂಡರೆ ಇದು ತಪ್ಪಿದ್ದಲ್ಲ. ಎಂಜಿನ್ ಮತ್ತು ಟೆಂಡರ್ ಎರಡೂ, ಎರಡೂ ಹಳಿಯಿಂದ ಕರೆಂಟ್ ತಗೊಳ್ಳುವ ಹಾಗೆ ಮಾಡಬೇಕು.

ಎಂಜಿನ್‌ನ ಇನ್ಸುಲೇಟ್ ಆದ (ಅಲ್ಲಿಯವರೆಗೆ ಕರೆಂಟ್ ತಗೊಳ್ಳದ) ಬದಿಯ ಗಾಲಿಗಳ ಹಿಂದೆ ಜಾಗ ಅಳೆದೆ. ಚಾಸಿಗೂ ಗಾಲಿಗೂ ನಡುವೆ 1.5 ಮಿ.ಮೀ. ಇತ್ತು. ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡಿನಿಂದ 4 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ತಾಮ್ರ ಕೆಳಮುಖವಾಗಿರುವಂತೆ ಚಾಸಿಯ ತಳಕ್ಕೆ ಎಪಾಕ್ಸಿಯಿಂದ ಅಂಟಿಸಿದೆ. ಅದರ ಮೇಲೆ ಫಾಸ್ಫರ್ ಬ್ರಾಂಜ್ ತಂತಿಯನ್ನು ಬೆಸೆದು, ತುದಿ ಗಾಲಿಯ ಹಿಂಬದಿಗೆ ತಾಗುವಂತೆ ಬಗ್ಗಿಸಿದೆ. ಟೆಂಡರ್‌ಗೂ ಇದೇ ಉಪಾಯ.

ಇಲ್ಲಿ ತಂತಿಯ ದಪ್ಪವೇ ಮುಖ್ಯ. ಮೊದಲು 0.5 ಮಿ.ಮೀ. ತಂತಿ ಹಾಕಿ ನೋಡಿದ್ದೆ. ಅದು ಬ್ರೇಕ್ ಹಾಕಿದ ಹಾಗೆ ಒತ್ತಿ, ಟೆಂಡರ್ ಗಾಲಿಗಳು ಉರುಳದೆ ಹಳಿಯ ಮೇಲೆ ಜಾರುತ್ತಿದ್ದವು. 0.3 ಮಿ.ಮೀ. ತಂತಿಗೆ ಬದಲಾಯಿಸಿ, ಪ್ರತಿಯೊಂದನ್ನೂ 15 ಮಿ.ಮೀ. ಉದ್ದ ಬಿಟ್ಟೆ. ಉದ್ದವಾದಷ್ಟೂ ಸ್ಪ್ರಿಂಗ್ ಮೆತ್ತಗಾಗುತ್ತದೆ. ಸರಿ ಬಂದಿದೆಯಾ ಅಂತ ನೋಡುವುದು ಹೀಗೆ: ಟೆಂಡರನ್ನು ಗಾಜಿನ ಮೇಲಿಟ್ಟು, ಗಾಜನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡಿ. ತನ್ನಷ್ಟಕ್ಕೆ ಉರುಳಬೇಕು. ಜಾರಿದರೆ ತಂತಿ ಜಾಸ್ತಿ ಒತ್ತುತ್ತಿದೆ.

ಇದಾದ ಮೇಲೆ ಕವಲಿನ ಮೇಲೆ ಆಮೆ ನಡಿಗೆಯಲ್ಲಿ ಓಡಿಸಿದರೂ ದೀಪ ಅಲುಗಲಿಲ್ಲ.

ಹಂತ 3: ಬಲ್ಬು ತೆಗೆದು ಎಲ್‌ಇಡಿ

ಬಲ್ಬು ಚೆನ್ನಾಗಿದ್ದರೂ ತೆಗೆಯಲು ಕಾರಣ ಬಿಸಿ. 12 ವೋಲ್ಟ್‌ನ ಗೋಧಿ ಕಾಳಿನ ಗಾತ್ರದ ಬಲ್ಬು 40 ಮಿಲಿ ಆಂಪ್ ಎಳೆಯುತ್ತಿತ್ತು, ಅದರ ಪಕ್ಕದ ಪ್ಲಾಸ್ಟಿಕ್ ಕಂದು ತಿರುಗಿ ಒಂದು ಕಡೆ ಮೆತ್ತಗಾಗಿತ್ತು. ಡಿಸಿಸಿಯಲ್ಲಿ ಎಂಜಿನ್ ನಿಂತಿದ್ದಾಗಲೂ ದೀಪ ಪೂರ್ತಿ ಉರಿಯುತ್ತದೆ, ಬಿಸಿ ಇನ್ನೂ ಜಾಸ್ತಿ.

ಹಾಕಿದ್ದು 0603 ಗಾತ್ರದ ವಾರ್ಮ್ ವೈಟ್ ಎಲ್‌ಇಡಿ. ಅಂದರೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ದೀಪದ ಗೂಡಿನ ಒಳ ವ್ಯಾಸ 2.4 ಮಿ.ಮೀ. ಇದ್ದುದರಿಂದ ಆರಾಮಾಗಿ ಕೂತಿತು. ಎನಾಮಲ್ ವೈರು ಮೊದಲೇ ಬೆಸೆದಿರುವುದನ್ನೇ ತಗೊಳ್ಳಿ, ಕಣ್ಣಿಗೂ ಕೈಗೂ ಸುಖ. ಯಾವ ವೈರು ಪ್ಲಸ್ ಅಂತ ತಿಳಿಯಲು ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಮುಟ್ಟಿಸಿದರೆ ಸಾಕು. ಎಲ್‌ಇಡಿ ಮಂದವಾಗಿ ಹೊತ್ತಿಕೊಂಡಾಗ ಕೆಂಪು ಮೊನೆ ಇರುವ ಕಡೆ ಪ್ಲಸ್.

ರೆಸಿಸ್ಟರ್ ವಿಷಯದಲ್ಲಿ ಎಲ್ಲರೂ ಹೇಳುವುದು 1,000 ಓಮ್. ಡಿಕೋಡರ್ ಕೊಡುವುದು ಸುಮಾರು 14 ವೋಲ್ಟ್, ಎಲ್‌ಇಡಿ 3 ವೋಲ್ಟ್ ಹಿಡಿದುಕೊಳ್ಳುತ್ತದೆ. ಉಳಿದ 11 ವೋಲ್ಟನ್ನು 1,000ದಿಂದ ಭಾಗಿಸಿದರೆ 11 ಮಿಲಿ ಆಂಪ್. ಎಲ್‌ಇಡಿಗೆ ಏನೂ ಆಗುವುದಿಲ್ಲ, ಆದರೆ ನೋಡಲು ಟಾರ್ಚ್ ಬಿಟ್ಟ ಹಾಗಿರುತ್ತದೆ. ಉಗಿ ಎಂಜಿನ್ನಿನ ಕಳೆಯೇ ಹೋಗಿಬಿಡುತ್ತದೆ. 2,200 ಓಮ್‌ಗೆ ಏರಿಸಿದಾಗ 5 ಮಿಲಿ ಆಂಪ್, ಮುಂದಿನ ದೀಪಕ್ಕೆ ಅದು ಹೊಂದಿತು. ಟೆಂಡರ್ ಹಿಂದಿನ ದೀಪಕ್ಕೆ 4,700 ಓಮ್ ಹಾಕಿದೆ, ಸುಮಾರು 2.3 ಮಿಲಿ ಆಂಪ್. ಕತ್ತಲೆ ಕೋಣೆಯಲ್ಲಿ ಎರಡನ್ನೂ ನೋಡಿ ತೀರ್ಮಾನ ಮಾಡಿ. ಟ್ಯೂಬ್‌ಲೈಟಿನ ಕೆಳಗೆ ಮಂದ ಅನ್ನಿಸಿದ್ದು ಕತ್ತಲಲ್ಲಿ ಸರಿಯಾಗಿರುತ್ತದೆ.

ಹಿಂದಿನ ದೀಪದ ವೈರು ಟೆಂಡರ್ ಒಳಗೆ ಒಂದು ಸ್ಕ್ರೂ ಕೆಳಗೆ ಸಿಕ್ಕಿ ತುಂಡಾಗಿತ್ತು. ಹೊಸ ವೈರನ್ನು ಸ್ಕ್ರೂ ಕಂಬದಿಂದ ದೂರ, ಗೋಡೆಗೆ ಅಂಟಿಸಿಕೊಂಡು ಒಯ್ದೆ.

ಎರಡು ಸಣ್ಣ ವಿಷಯ. ಸೂಪರ್ ಗ್ಲೂ ಬಳಸಬೇಡಿ, ಅದರ ಆವಿ ದೀಪದ ಗಾಜಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಸಾಕು. ಇನ್ನೊಂದು, ಎಲ್‌ಇಡಿಯ ಬೆನ್ನಿಗೆ ಬಣ್ಣ ಬಳಿಯಬೇಕು. ಬಳಿಯದೆ ಹೊತ್ತಿಸಿದಾಗ ಎಂಜಿನ್ ಮೂತಿಯೆಲ್ಲ ಒಳಗಿಂದ ಕೆಂಪಗೆ ಬೆಳಗುತ್ತಿತ್ತು, ಪ್ಲಾಸ್ಟಿಕ್ ಅಷ್ಟು ತೆಳು. ಮೊದಲು ಬೆಳ್ಳಿ ಬಣ್ಣ, ಅದರ ಮೇಲೆ ಕಪ್ಪು, ಎರಡು ಪದರ. ಸೋರಿಕೆ ನಿಂತಿತು.

ಡಿಸಿಯಲ್ಲೇ ಓಡಿಸುವವರು ಗಮನಿಸಿ: ಎಂಜಿನ್ ಹಿಂದಕ್ಕೆ ಹೋಗುವಾಗ ವೋಲ್ಟೇಜ್ ತಿರುಗುಮುರುಗಾಗುತ್ತದೆ. ಎಲ್‌ಇಡಿಗಳು ಸಾಮಾನ್ಯವಾಗಿ 5 ವೋಲ್ಟ್‌ಗಿಂತ ಹೆಚ್ಚು ಉಲ್ಟಾ ವೋಲ್ಟೇಜ್ ತಡೆಯುವುದಿಲ್ಲ. ಸಾಲಿನಲ್ಲಿ ಒಂದು 1ಎನ್4001 ಡಯೋಡ್ ಹಾಕಲೇಬೇಕು.

ಹಂತ 4: ಮೋಟಾರನ್ನು ಚಾಸಿಯಿಂದ ಬೇರೆ ಮಾಡುವುದು

ಡಿಕೋಡರ್ ಸುಟ್ಟುಹೋಗುವುದು ಬಹುಪಾಲು ಇಲ್ಲೇ. ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಎರಡೂ ಬ್ರಷ್‌ಗಳಿಗೆ ಡಿಕೋಡರ್‌ನಿಂದ ಮಾತ್ರ ಕರೆಂಟ್ ಬರಬೇಕು, ಹಳಿಯ ಜೊತೆ ನೇರ ಸಂಪರ್ಕ ಎಳ್ಳಷ್ಟೂ ಇರಕೂಡದು. ಹಳೇ ಮಾಡೆಲ್‌ಗಳಲ್ಲಿ ಒಂದು ಬ್ರಷ್ ಚಾಸಿಗೇ ತಾಗಿಕೊಂಡಿರುವುದು ಮಾಮೂಲು. ಇದರಲ್ಲಿ ಕೆಳಗಿನ ಬ್ರಷ್‌ನ ತಾಮ್ರದ ಕ್ಲಿಪ್ ಚಾಸಿಯ ಮೇಲೆ ಒತ್ತಿಕೊಂಡಿತ್ತು, ಮೀಟರ್ 0.4 ಓಮ್ ತೋರಿಸಿತು.

ಮೋಟಾರು ಬಿಚ್ಚಿ, ಆ ಕ್ಲಿಪ್‌ನ ನಾಲಿಗೆ ಕತ್ತರಿಸಿ, ಅಲ್ಲಿ ಬೂದು ವೈರು ಬೆಸೆದೆ. ಚಾಸಿಯಲ್ಲಿ ಮೋಟಾರು ಕೂರುವ ಗುಂಡಿಗೆ ಎರಡು ಪದರ ಕ್ಯಾಪ್ಟಾನ್ ಟೇಪು. ಮೋಟಾರನ್ನು ಹಿಡಿದಿದ್ದ ಲೋಹದ ಸ್ಕ್ರೂ ಬದಲು ನೈಲಾನ್ ಸ್ಕ್ರೂ. ಮತ್ತೆ ಕೂರಿಸಿ, ಪ್ರತಿ ಬ್ರಷ್‌ನಿಂದ ಚಾಸಿಗೆ, ಪ್ರತಿ ಬ್ರಷ್‌ನಿಂದ ಎರಡೂ ಬದಿಯ ಗಾಲಿಗೆ ಅಳೆದೆ. ಎಲ್ಲ ಕಡೆ ಓಪನ್, ಅಂದರೆ ಸಂಪರ್ಕವೇ ಇಲ್ಲ. ಗಾಲಿ ತಿರುಗಿಸುತ್ತಲೇ ಅಳೆಯಿರಿ. ನಿಂತಿದ್ದಾಗ ಓಪನ್ ಇದ್ದದ್ದು ತಿರುಗುವಾಗ ಎಲ್ಲೋ ಒಂದು ಕಡೆ ತಾಗುವುದುಂಟು.

ಆಮೇಲೆ 12 ವೋಲ್ಟ್ ಕೊಟ್ಟು, ಮೋಟಾರಿನ ಶಾಫ್ಟ್ ಗಟ್ಟಿಯಾಗಿ ಹಿಡಿದು ಎಷ್ಟು ಎಳೆಯುತ್ತದೆ ನೋಡಿದೆ. 0.8 ಆಂಪ್. ಹಾಕಬೇಕಿದ್ದ ಡಿಕೋಡರ್ ಇದಕ್ಕಿಂತ ಜಾಸ್ತಿ ತಡೆಯುತ್ತದೆ, ಚಿಂತೆ ಇಲ್ಲ. ಈ ಪರೀಕ್ಷೆ ಒಂದೆರಡು ಸೆಕೆಂಡಿಗೆ ಮುಗಿಯಬೇಕು, ಇಲ್ಲದಿದ್ದರೆ ಮೋಟಾರಿನ ಸುರುಳಿ ಬಿಸಿಯಾಗುತ್ತದೆ.

ಹಂತ 5: ಡಿಕೋಡರ್ ಮತ್ತು ವೈರಿಂಗ್

ಈಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಸೌಂಡ್ ಡಿಕೋಡರ್ ಆರಿಸಿಕೊಂಡೆ. ಎಂಜಿನ್‌ನಲ್ಲಿ ಸಾಕೆಟ್ ಇಲ್ಲದ್ದರಿಂದ ನೇರ ಬೆಸುಗೆ. ಡಿಸಿಸಿಯ ವೈರು ಬಣ್ಣಗಳು ಬಹುತೇಕ ಎಲ್ಲ ಕಂಪನಿಗೂ ಒಂದೇ, ಅದು ದೊಡ್ಡ ಉಪಕಾರ: ಬಲ ಹಳಿಗೆ ಕೆಂಪು, ಎಡ ಹಳಿಗೆ ಕಪ್ಪು, ಮೋಟಾರಿಗೆ ಕಿತ್ತಳೆ ಮತ್ತು ಬೂದು, ದೀಪಗಳ ಸಾಮಾನ್ಯ ಪ್ಲಸ್ ನೀಲಿ, ಮುಂದಿನ ದೀಪದ ಮೈನಸ್ ಬಿಳಿ, ಹಿಂದಿನ ದೀಪದ್ದು ಹಳದಿ. ಬೇರೆ ಬಣ್ಣದ ವೈರು ಕೈಗೆ ಸಿಕ್ಕಿತು ಅಂತ ಸುಮ್ನೆ ಹಾಕಬೇಡಿ, ಮುಂದೆ ಬಿಚ್ಚಿದಾಗ ನೀವೇ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಡಿಕೋಡರ್ ಕೂತಿದ್ದು ಟೆಂಡರ್‌ನಲ್ಲಿ. ಹಾಗಾಗಿ ಎಂಜಿನ್‌ಗೂ ಟೆಂಡರ್‌ಗೂ ನಡುವೆ ಆರು ವೈರು: ಕೆಂಪು, ಕಪ್ಪು, ಕಿತ್ತಳೆ, ಬೂದು, ನೀಲಿ, ಬಿಳಿ. 1.27 ಮಿ.ಮೀ. ಅಂತರದ ಆರು ಪಿನ್ ಕನೆಕ್ಟರ್ ಹಾಕಿದೆ. ಕನೆಕ್ಟರ್ ಇಲ್ಲದಿದ್ದರೆ ಎಂಜಿನ್ ಒಂದು ಕೈಯಲ್ಲಿ, ಟೆಂಡರ್ ಇನ್ನೊಂದು ಕೈಯಲ್ಲಿ ಹಿಡಿದೇ ಎಲ್ಲ ರಿಪೇರಿ ಮಾಡಬೇಕಾಗುತ್ತದೆ.

ಸಾಮಾನ್ಯ ಪ್ಲಾಸ್ಟಿಕ್ ಹೊದಿಕೆಯ ವೈರು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಆರು ಸೇರಿದರೆ ಕಡ್ಡಿಯಷ್ಟು ಬಿರುಸು, ಬಿಗಿ ತಿರುವಿನಲ್ಲಿ ಟೆಂಡರ್‌ನ ಮುಂದಿನ ಬೋಗಿಯನ್ನೇ ಹಳಿಯಿಂದ ಎತ್ತಿಬಿಡುತ್ತಿತ್ತು. ಸಿಲಿಕಾನ್ ಹೊದಿಕೆಯ 32 ಗೇಜ್ ವೈರು ದಾರದ ಹಾಗೆ ಜೋಲುತ್ತದೆ. ಡ್ರಾಬಾರ್ ಉದ್ದಕ್ಕಿಂತ 12 ಮಿ.ಮೀ. ಜಾಸ್ತಿ ಬಿಟ್ಟು, ನಿಮ್ಮಲ್ಲಿರುವ ಅತಿ ಬಿಗಿ ತಿರುವಿನಲ್ಲಿ ಎರಡೂ ದಿಕ್ಕಿಗೆ ತಳ್ಳಿ ನೋಡಿ.

ಡಿಕೋಡರನ್ನು ಡಬಲ್ ಟೇಪಿನಿಂದ ಟೆಂಡರ್ ನೆಲಕ್ಕೆ ಅಂಟಿಸಿದೆ. ಪೂರ್ತಿ ಹೀಟ್ ಶ್ರಿಂಕ್‌ನಲ್ಲಿ ಸುತ್ತುವ ಅಭ್ಯಾಸ ಕೆಲವರಿಗಿದೆ. ಬೇಡ, ಬಿಸಿ ಹೊರಹೋಗಲು ದಾರಿ ಇರಬೇಕು.

ಹಂತ 6: ಸ್ಪೀಕರ್

ಇಡೀ ಕೆಲಸದಲ್ಲಿ ಕಿವಿಗೆ ಅತಿ ದೊಡ್ಡ ವ್ಯತ್ಯಾಸ ತಂದ ಹಂತ ಇದು. 11 × 15 ಮಿ.ಮೀ. ಗಾತ್ರದ, 8 ಓಮ್‌ನ ಶುಗರ್ ಕ್ಯೂಬ್ ಸ್ಪೀಕರ್ ತಂದಿದ್ದೆ. ಬರೀ ಸ್ಪೀಕರನ್ನು ವೈರಿಗೆ ಬೆಸೆದು ಎಂಜಿನ್ ಕೂಗಿಸಿದಾಗ ಬಂದದ್ದು ಸಣ್ಣ ಕೀಚಲು ದನಿ. ಹಬೆಯ ಸದ್ದು ಬರೀ ಸ್ ಸ್ ಅಂತ ಕೇಳುತ್ತಿತ್ತು. ಸ್ಪೀಕರನ್ನು ಅದರ ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ಬೆರಳಲ್ಲಿ ಒತ್ತಿ ಹಿಡಿದೆ ಅಷ್ಟೇ, ಅದೇ ಕೂಗಿಗೆ ಎದೆ ದನಿ ಬಂತು. ಬೆರಳು ಒಂದು ಮೂಲೆಯಲ್ಲಿ ಸಡಿಲ ಬಿಟ್ಟರೆ ಮತ್ತೆ ಕೀಚಲು. ಸ್ಪೀಕರಿನ ಮುಂದಿನ ಗಾಳಿ ಮತ್ತು ಹಿಂದಿನ ಗಾಳಿ ಒಂದನ್ನೊಂದು ಸೇರಬಾರದು, ಸೇರಿದರೆ ಸದ್ದು ಅಲ್ಲೇ ಕರಗಿಹೋಗುತ್ತದೆ. ಕೂದಲೆಳೆ ಸಂದಿಯೂ ಇರದ ಹಾಗೆ ಸುತ್ತಲೂ ಅಂಟು ಹಾಕಿ, ವೈರು ಹೊರಬರುವ ತೂತನ್ನೂ ಮುಚ್ಚಿ.

ಡಬ್ಬಿಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಬಂದದ್ದು 3 ಮಿ.ಮೀ. ಎತ್ತರದ್ದು. 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ 9 ಮಿ.ಮೀ. ಎತ್ತರದ ಡಬ್ಬಿ ಕಟ್ಟಿ ಹೋಲಿಸಿದೆ. ಚುಕ್ ಚುಕ್ ಸದ್ದಿನ ತಳದ ಗುಮ್ಮು ಎತ್ತರದ ಡಬ್ಬಿಯಲ್ಲೇ ಚೆನ್ನಾಗಿತ್ತು, ಅದನ್ನೇ ಉಳಿಸಿಕೊಂಡೆ. ಜಾಗಕ್ಕಾಗಿ ಟೆಂಡರ್‌ನೊಳಗಿನ ಸೀಸದ ತೂಕವನ್ನು ಅರ್ಧ ಕತ್ತರಿಸಬೇಕಾಯಿತು. ಉಳಿದ ಅರ್ಧವನ್ನು ಬೋಗಿಗಳ ಮೇಲೆ ಹಂಚಿ ಅಂಟಿಸಿದೆ. ತೂಕ ಪೂರ್ತಿ ತೆಗೆದರೆ ಕರೆಂಟ್ ಹಿಡಿಯುವುದು ಮತ್ತೆ ಹದಗೆಡುತ್ತದೆ.

ಸ್ಪೀಕರ್ ಮುಖ ಎತ್ತ ಇರಬೇಕು? ಮೊದಲು ಟೆಂಡರ್ ನೆಲದಲ್ಲಿ 1 ಮಿ.ಮೀ. ತೂತುಗಳನ್ನು ಕೊರೆದು ಕೆಳಮುಖವಾಗಿ ಇಟ್ಟೆ. ಸದ್ದು ಹಳಿಗೆ ಬಡಿದು ಮಂಕಾಗಿ ಬರುತ್ತಿತ್ತು. ಪ್ಲಾಸ್ಟಿಕ್ ಕಲ್ಲಿದ್ದಲಿನ ಅಚ್ಚು ತೆಗೆದು, ಅಲ್ಲಿ ಸಣ್ಣ ಕಣ್ಣಿನ ಜಾಲರಿ ಹಾಕಿ, ಅದರ ಮೇಲೆ ನಿಜವಾದ ಕಲ್ಲಿದ್ದಲಿನ ಪುಡಿಚೂರು ಅಲ್ಲಲ್ಲಿ ಸಂದಿ ಬಿಟ್ಟು ಅಂಟಿಸಿ, ಸ್ಪೀಕರನ್ನು ಮೇಲ್ಮುಖ ಮಾಡಿದೆ. ಸ್ಪಷ್ಟತೆ ಎಷ್ಟೋ ಮೇಲು, ಟೆಂಡರ್ ನೋಡಲೂ ಚೆಂದ ಆಯಿತು.

ಹಂತ 7: ಕರೆಂಟ್ ತಪ್ಪಿದ ಕ್ಷಣಕ್ಕೆ ಆಸರೆ

ಗಾಲಿ ಎಷ್ಟೇ ಚೊಕ್ಕಟವಿದ್ದರೂ ಹಳಿಯ ಮೇಲೆ ಒಂದು ಧೂಳಿನ ಕಣ ಸಾಕು. ಇದಕ್ಕೆ ಕರೆಂಟ್ ಕೂಡಿಟ್ಟು ಕೊಡುವ ಕೆಪಾಸಿಟರ್ ಬೇಕು. 220 ಮೈಕ್ರೊಫ್ಯಾರಡ್, 25 ವೋಲ್ಟ್‌ನ ಮೂರನ್ನು ಅಕ್ಕಪಕ್ಕ ಜೋಡಿಸಿ ನೋಡಿದೆ. ಒಟ್ಟು 660. ಎಂಜಿನ್ 150 ಮಿಲಿ ಆಂಪ್ ಎಳೆಯುತ್ತಿರುವಾಗ, 14 ವೋಲ್ಟ್ ಅರ್ಧಕ್ಕೆ ಇಳಿಯಲು ಇದು ತೆಗೆದುಕೊಳ್ಳುವುದು 0.03 ಸೆಕೆಂಡ್. ಪುಟ್ಟ ಕಣಕ್ಕೆ ಸಾಕು, ಕವಲಿನ ಪ್ಲಾಸ್ಟಿಕ್ ತುಂಡಿನ ಮೇಲೆ ನಿಧಾನಕ್ಕೆ ಹೋದರೆ ಸಾಲದು. ಕೊನೆಗೆ ಡಿಕೋಡರ್ ಕಂಪನಿಯದ್ದೇ ಆದ ಮೂರು ವೈರಿನ ಪವರ್‌ಪ್ಯಾಕ್ ಹಾಕಿದೆ. ಎಷ್ಟು ಹೊತ್ತು ಆಸರೆ ಕೊಡಬೇಕು ಅನ್ನೋದನ್ನು ಸಿವಿ 113ರಲ್ಲಿ ಹೊಂದಿಸಬಹುದು (ಸಿವಿ ಅಂದರೆ ಡಿಕೋಡರ್ ಒಳಗೆ ಒಂದೊಂದು ಹೊಂದಾಣಿಕೆಯ ಬೆಲೆ ಬರೆದಿಡುವ, ಸಂಖ್ಯೆ ಕೊಟ್ಟ ಜಾಗ). ತುಂಬಾ ಉದ್ದ ಇಡಬೇಡಿ, ಹಳಿ ತಪ್ಪಿದ ಎಂಜಿನ್ ಮೇಜಿನ ತುದಿಯವರೆಗೂ ಓಡುತ್ತದೆ.

ಹಂತ 8: ಮೊದಲ ಕರೆಂಟ್, ಸಿವಿಗಳು

ಮೊದಲ ಸಲ ನೇರವಾಗಿ ದೊಡ್ಡ ಹಳಿಗೆ ಇಡಬೇಡಿ. ಡಿಕೋಡರ್ ಹೊಂದಿಸಲೆಂದೇ ಇರುವ ಪ್ರೋಗ್ರಾಮಿಂಗ್ ಹಳಿಯಲ್ಲಿ ಕರೆಂಟಿಗೆ ಮಿತಿ ಇರುತ್ತದೆ, ಏನಾದರೂ ತಪ್ಪು ಜೋಡಣೆ ಇದ್ದರೂ ಡಿಕೋಡರ್ ಉಳಿಯುತ್ತದೆ. ಎಂಜಿನ್ನಿನ ವಿಳಾಸ (ಗುರುತಿನ ಸಂಖ್ಯೆ) ಇರುವ ಸಿವಿ 1 ಓದಿಸಿದೆ, 3 ಅಂತ ಬಂತು. ಜೋಡಣೆ ಸರಿ ಇದೆ ಅಂತ ಅರ್ಥ.

ಸಿವಿ 29ಕ್ಕೆ 42 ಬರೆದೆ. 28 ಅಥವಾ 128 ವೇಗದ ಹೆಜ್ಜೆಗೆ (ವೇಗದ ಮಟ್ಟಗಳಿಗೆ) 2, ಡಿಕೋಡರ್ ಮರಳಿ ಮಾಹಿತಿ ಕಳಿಸುವ ರೈಲ್‌ಕಾಮ್‌ಗೆ 8, ಉದ್ದ ವಿಳಾಸಕ್ಕೆ 32. ಡಿಸಿಯಲ್ಲಿ ಓಡಲು ಬೇಕಾದ 4ನ್ನು ಬೇಕೆಂದೇ ಬಿಟ್ಟೆ. ಅದು ಇದ್ದರೆ ಸಿಗ್ನಲ್ ಕೆಟ್ಟ ಕ್ಷಣದಲ್ಲಿ ಎಂಜಿನ್ ತನಗೆ ಡಿಸಿ ಸಿಕ್ಕಿತು ಅಂದುಕೊಂಡು ಪೂರ್ತಿ ವೇಗದಲ್ಲಿ ಓಡುವುದುಂಟು.

ಮೋಟಾರು ಹೊಂದಿಸಲು ಸಿವಿ 54ಕ್ಕೆ 0 ಬರೆದು ಕಂಟ್ರೋಲರ್‌ನ ಎಫ್1 ಗುಂಡಿ ಒತ್ತಬೇಕು. ಎಂಜಿನ್ ಒಮ್ಮೆಲೇ ಪೂರ್ತಿ ವೇಗದಲ್ಲಿ ನುಗ್ಗಿ ನಿಲ್ಲುತ್ತದೆ, ಮುಂದೆ ಉದ್ದ ನೇರ ಹಳಿ ಇರಲಿ. ಇದಾದ ಮೇಲೆ ಮೊದಲ ಹೆಜ್ಜೆಯಲ್ಲಿ ಗಾಲಿ ಜರ್ಕಿಲ್ಲದೆ ತೆವಳಿತು. ಒಟ್ಟು ವಾಲ್ಯೂಮ್ ಸಿವಿ 63. ಕೋಣೆಯೊಳಗೆ ಕೇಳಲು 180 ತೀರಾ ಜೋರು, 75ಕ್ಕೆ ಇಳಿಸಿದೆ. ಸಣ್ಣ ಸ್ಪೀಕರ್‌ನಲ್ಲಿ ವಾಲ್ಯೂಮ್ ಇಳಿಸಿದಷ್ಟೂ ದನಿ ಒಡೆಯುವುದಿಲ್ಲ.

ಆಮೇಲೆ ನನಗೆ ಅತಿ ಇಷ್ಟವಾದ ಕೆಲಸ, ಗಾಲಿ ಮತ್ತು ಸದ್ದನ್ನು ಕೂಡಿಸುವುದು. ಎರಡು ಸಿಲಿಂಡರ್ ಇರುವ ಉಗಿ ಎಂಜಿನ್ ದೊಡ್ಡ ಗಾಲಿ ಒಂದು ಸುತ್ತು ಬಂದಾಗ ನಾಲ್ಕು ಸಲ ಚುಕ್ ಅನ್ನುತ್ತದೆ. ಪ್ರತಿ ಸಿಲಿಂಡರ್‌ನ ಪಿಸ್ಟನ್ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಬೆ ಬಿಡುವುದರಿಂದ ನಾಲ್ಕು. ಮೂರು ಸಿಲಿಂಡರ್ ಇದ್ದರೆ ಆರು. ಗಾಲಿಯ ಅಂಚಿಗೆ ಬಿಳಿ ಬಣ್ಣದ ಒಂದು ಚುಕ್ಕಿ ಇಟ್ಟು, ಮೊದಲ ವೇಗದ ಹೆಜ್ಜೆಯಲ್ಲಿ ಓಡಿಸಿ, ಚುಕ್ಕಿ ಕೆಳಗೆ ಬಂದಾಗಿನಿಂದ ಎಣಿಸಿದೆ. ಸುತ್ತಿಗೆ ಐದೂವರೆ ಬರುತ್ತಿತ್ತು. ಸಿವಿ 57ರಲ್ಲಿ ನಿಧಾನ ಓಟದ ಅಂತರ ಹೊಂದಿಸಿ ನಾಲ್ಕಕ್ಕೆ ತಂದೆ, ಆಮೇಲೆ ಸಿವಿ 58ರಲ್ಲಿ ವೇಗದ ಓಟಕ್ಕೆ. ಈ ಕ್ರಮ ಬದಲಿಸಬೇಡಿ.

ವೇಗ ಜಾಸ್ತಿಯಾದಾಗ ಎಣಿಸಲು ಕಣ್ಣು ಸೋಲುತ್ತದೆ. ಅಲ್ಲಿ ಲೆಕ್ಕ ಸಹಾಯಕ್ಕೆ ಬರುತ್ತದೆ. ಅಸಲಿ ಗಾಲಿಯ ವ್ಯಾಸ 63 ಅಂಗುಲ, ಅಂದರೆ 1.6 ಮೀಟರ್, ಸುತ್ತಳತೆ 5 ಮೀಟರ್ ಚಿಲ್ಲರೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಸೆಕೆಂಡಿಗೆ ಹತ್ತಿರ ಹತ್ತಿರ ನಾಲ್ಕೂವರೆ ಚುಕ್. ಮಾಡೆಲ್‌ನಲ್ಲಿ ಆ ವೇಗ ಸೆಕೆಂಡಿಗೆ 64 ಮಿ.ಮೀ. 640 ಮಿ.ಮೀ. ದೂರವನ್ನು 10 ಸೆಕೆಂಡಿನಲ್ಲಿ ದಾಟುವಂತೆ ವೇಗ ಇಟ್ಟು, ಫೋನಿನಲ್ಲಿ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ಎಣಿಸಿದೆ. 45ರ ಆಸುಪಾಸು ಬಂದರೆ ಸರಿ. 44 ಬಂತು, ಅಲ್ಲಿಗೆ ಬಿಟ್ಟೆ.

ಕೂಗು ಹಬೆಯ ಸದ್ದಿಗಿಂತ ತುಂಬಾ ಮುಂದಿತ್ತು. ಪ್ರತಿ ಸದ್ದಿನ ವಾಲ್ಯೂಮ್ ಬೇರೆ ಬೇರೆ ಹೊಂದಿಸಬಹುದು. ಸಿವಿ 31, 32 ಬರೆದು ಒಳಗಿನ ಪುಟ ಆರಿಸಿಕೊಳ್ಳುವ ಗೋಜು ಬೇಡ ಅನ್ನಿಸಿದರೆ ಜೆಎಂಆರ್‌ಐನ ಡಿಕೋಡರ್‌ಪ್ರೊ ಅನ್ನುವ ಕಂಪ್ಯೂಟರ್ ತಂತ್ರಾಂಶ ತೆರೆದು ಸ್ಲೈಡರ್ ಎಳೆದರಾಯಿತು. ಕೂಗನ್ನು ಮೂರನೇ ಒಂದು ಭಾಗ ಇಳಿಸಿದೆ.

ಬಾಕಿ ಇರುವುದು

ಬೆಂಕಿಗೂಡಿನ ಕೆಂಪು ಮಿನುಗು ಇನ್ನೂ ಹಾಕಿಲ್ಲ. ಅದಕ್ಕೆ ಬೇಕಾದ ಹಸಿರು ವೈರಿನ ತುದಿಗೆ ಹೀಟ್ ಶ್ರಿಂಕ್ ಹಾಕಿ ಟೆಂಡರ್ ಒಳಗೇ ಸುತ್ತಿಟ್ಟಿದ್ದೇನೆ. ಅದನ್ನು ಎಂಜಿನ್‌ಗೆ ಒಯ್ಯಲು ಏಳನೇ ಪಿನ್ ಬೇಕು, ಕನೆಕ್ಟರ್ ಬದಲಾಯಿಸಬೇಕಾಗುತ್ತದೆ. ಈ ಕೆಲಸಕ್ಕೆ ಕೈ ಹಾಕುವವರು ಶುರುವಿನಲ್ಲೇ ಎಂಟು ಪಿನ್‌ನದ್ದು ಹಾಕಿಕೊಳ್ಳಿ. ವಿಳಾಸ, ರೆಸಿಸ್ಟರ್ ಬೆಲೆಗಳು, ಪಿನ್ ಕ್ರಮ, ಬದಲಾಯಿಸಿದ ಸಿವಿಗಳು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಟೆಂಡರ್ ಮೇಲ್ಭಾಗದ ಒಳಗೋಡೆಗೆ ಅಂಟಿಸಿದ್ದೇನೆ.